ಸರಾಫ್ ಬಜಾರಿನ ಹಳೇ ರೊಕ್ಕದ ಅಂಗಡಿ: ಕಪಾಟು ಬಿಡಿ, ಪರಾತ ನೋಡಿ

ಕಲಬುರಗಿಯ ಸರಾಫ್ ಬಜಾರಿನಲ್ಲಿ, ಬೆಳ್ಳಿ ಬಂಗಾರದ ಅಂಗಡಿಗಳ ಸಾಲು ಮುಗಿದು ಗಲ್ಲಿ ಸಣ್ಣದಾಗುವ ಕಡೆ ಬೋರ್ಡಿಲ್ಲದ ಒಂದು ಅಂಗಡಿ ಇದೆ. ಹಳೇ ಬೆಳ್ಳಿ ಸಾಮಾನು, ತಾಮ್ರದ ತಂಬಿಗೆ, ಮುರಿದ ಕಾಲ್ಗಡಗ, ಇವುಗಳ ಜೊತೆ ಹಳೇ ನಾಣ್ಯ. ಕಟ್ಟೆಯ ಮೇಲೆ ಒಂದು ಹಿತ್ತಾಳೆ ಪರಾತ, ಅಂದರೆ ಅಗಲ ತಟ್ಟೆ, ಅದರ ತುಂಬ ಬಿಡಿ ರೊಕ್ಕ. ಹಿಂದೆ ಬೀಗ ಹಾಕಿದ ಗಾಜಿನ ಕಪಾಟು. ಬಂದವರಿಗೆಲ್ಲ ಮಾಲೀಕರದು ಒಂದೇ ಮಾತು: "ಪರಾತದಾಗಿಂದು ಯಾವ್ದಾದ್ರೂ ತಗೋರಿ, ಒಂದಕ್ಕ ಹತ್ತು. ಕಪಾಟಿಂದು ಬೇಕಂದ್ರ ಕುಂದರ್ರಿ, ತೆಗ್ದು ತೋರಸ್ತೀನಿ."

ಬಹಳ ಜನ ಕೂತು ಕಪಾಟಿನದನ್ನೇ ನೋಡುತ್ತಾರೆ. ಅದು ತಪ್ಪು. ಕಪಾಟಿನಲ್ಲಿರುವುದರ ಬೆಲೆ ಅಂಗಡಿಯವರಿಗೆ ಗೊತ್ತು, ಎಷ್ಟೋ ಸಲ ಅದಕ್ಕಿಂತ ಮೇಲೆಯೇ ಹೇಳುತ್ತಾರೆ. ಪರಾತದಲ್ಲಿರುವುದನ್ನು ಯಾರೂ ಸರಿಯಾಗಿ ನೋಡಿಲ್ಲ, ಅವರೂ ನೋಡಿಲ್ಲ. ನಾಣ್ಯದ ಅಚ್ಚಿನ ಚೆಂದ ನೋಡಿ ಕೂಡಿಸುವವರಿಗೆ ಈ ಅಂಗಡಿಯ ನಿಜವಾದ ಮಾಲು ಇರುವುದು ಪರಾತದಲ್ಲೇ.

ಹೋಗುವುದಿದ್ದರೆ ಬೆಳಿಗ್ಗೆ ಹೋಗಿ. ಅಂಗಡಿ ಪೂರ್ವಕ್ಕೆ ಮುಖ ಮಾಡಿದೆ, ಹನ್ನೊಂದರವರೆಗೆ ಕಟ್ಟೆಯ ಮೇಲೆ ಓರೆ ಬಿಸಿಲು ಬೀಳುತ್ತದೆ. ನಾಣ್ಯ ನೋಡಲು ಬೇಕಾದದ್ದು ಅದೇ. ಒಳಗಿನ ಟ್ಯೂಬ್‌ಲೈಟಿನ ಬೆಳಕು ಮೇಲಿನಿಂದ ನೇರ ಬಿದ್ದು ಉಬ್ಬು ತಗ್ಗುಗಳನ್ನೆಲ್ಲ ಸಪಾಟು ಮಾಡಿಬಿಡುತ್ತದೆ. ಸವೆದ ಇಸವಿಯೂ ಓರೆ ಬೆಳಕಿನಲ್ಲಿ ನಾಣ್ಯವನ್ನು ಮೆಲ್ಲಗೆ ತಿರುಗಿಸಿದರೆ ಒಂದು ಕೋನದಲ್ಲಿ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತಾರೆ.

ಜೊತೆಗೆ ಒಯ್ಯಬೇಕಾದ್ದು ನಾಲ್ಕೇ ಸಾಮಾನು. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ 10 ಪಟ್ಟಿನ ಭೂತಗನ್ನಡಿ, 0.01 ಗ್ರಾಂವರೆಗೆ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಅಯಸ್ಕಾಂತ, ಒಂದು ಬಿಳಿ ಹತ್ತಿ ಬಟ್ಟೆ. ಪರಾತದಿಂದ ಒಂದೊಂದು ಹಿಡಿ ತೆಗೆದು ಬಟ್ಟೆಯ ಮೇಲೆ ಹರಡಿ. ಮೊದಲು ಇಸವಿ ನೋಡಲು ಹೋಗಬೇಡಿ, ಲೋಹದ ಪ್ರಕಾರ ಗುಂಪು ಮಾಡಿ: ಕೆಂಪು, ಹಳದಿ, ಬೂದು, ಹಗುರ. ಬೂದು ಗುಂಪಿನ ಮೇಲೆ ಅಯಸ್ಕಾಂತ ಆಡಿಸಿ. ಶುದ್ಧ ನಿಕ್ಕಲ್ ಅಂಟುತ್ತದೆ, ತಾಮ್ರ-ನಿಕ್ಕಲ್ ಮಿಶ್ರಣ ಅಂಟುವುದಿಲ್ಲ, ಈಚಿನ ಸ್ಟೀಲ್ ನಾಣ್ಯಗಳು ಅಂಟುತ್ತವೆ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲೇ ಹಿಡಿಯಬೇಕು. ಕಲಬುರಗಿಯ ಸೆಕೆಯಲ್ಲಿ ಬೆವರಿದ ಬೆರಳಿನ ಗುರುತು ತಾಮ್ರದ ಮೇಲೆ ಕೆಲವೇ ದಿನಗಳಲ್ಲಿ ಕಪ್ಪಾಗಿ ಕೂತುಬಿಡುತ್ತದೆ, ಆಮೇಲೆ ಹೋಗುವುದಿಲ್ಲ.

ಪರಾತದ ಹೆಚ್ಚಿನ ಪಾಲು 1957ರಿಂದ ಈಚಿನ ಪೈಸೆಗಳು. ಅವುಗಳನ್ನು ಕಡೆಗಣಿಸಬೇಡಿ. 1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಬಿಟ್ಟು ದಶಮಾನ ಬಂತು. ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯಾಯಿತು. ಜನರಿಗೆ ಈ ಹೊಸ ಲೆಕ್ಕ ಕಲಿಸುವ ಕೆಲಸವನ್ನು ನಾಣ್ಯವೇ ಮಾಡಬೇಕಿತ್ತು. ಅದಕ್ಕೇ ಒಂದು ನಯಾ ಪೈಸೆಯ ಮೇಲೆ ಹಿಂದಿಯಲ್ಲಿ 'ರುಪಯೇ ಕಾ ಸೌವಾ ಭಾಗ್' ಎಂದು, ಎರಡರ ಮೇಲೆ ಐವತ್ತನೇ ಭಾಗ, ಐದರ ಮೇಲೆ ಇಪ್ಪತ್ತನೇ ಭಾಗ, ಹತ್ತರ ಮೇಲೆ ಹತ್ತನೇ ಭಾಗ ಎಂದು ಬರೆದಿದ್ದಾರೆ. ಓದು ಬಾರದವರಿಗೆ ಆಕಾರವೇ ಅಕ್ಷರ: ಒಂದು ದುಂಡಗೆ, ಎರಡಕ್ಕೆ ಎಂಟು ಎಸಳು, ಐದು ಚೌಕ, ಹತ್ತಕ್ಕೆ ಮತ್ತೆ ಎಸಳಂಚು, ಆದರೆ ದೊಡ್ಡದು. ಜೇಬಿನೊಳಗೆ ಕೈ ಹಾಕಿ ಕಣ್ಣು ಮುಚ್ಚಿ ಎಣಿಸಬಹುದಾದ ಚಿಲ್ಲರೆ. ಈ ಬುದ್ಧಿವಂತಿಕೆ ಈಗಿನ ಒಂದು, ಎರಡು ರೂಪಾಯಿಯ ಸ್ಟೀಲ್ ಬಿಲ್ಲೆಗಳಲ್ಲಿ ಇಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಎಲ್ಲರೂ ಎರಡೆರಡು ಸಲ ನೋಡಬೇಕಾಗಿದೆ.

ಒಂದು ನಯಾ ಪೈಸೆಯಲ್ಲಿ ಹುಡುಕಬೇಕಾದ್ದು 1962ರ ಇಸವಿ. ಆ ವರ್ಷದ ಪೈಸೆ ಎರಡು ಲೋಹದಲ್ಲಿ ಬಂದಿದೆ. ಮೊದಲು ಕೆಂಪು ಕಂಚು, ಆಮೇಲೆ ಹಳದಿ ನಿಕ್ಕಲ್-ಹಿತ್ತಾಳೆ. ಎರಡೂ ಒಂದೇ ಇಸವಿಯವು, ಪಕ್ಕಪಕ್ಕ ಇಟ್ಟರೆ ಮಕ್ಕಳಿಗೂ ತಿಳಿಯುತ್ತದೆ. ಎರಡೂ ಸೇರಿ ಇಪ್ಪತ್ತು ರೂಪಾಯಿ. 1964ರ ಜೂನ್ 1ರಿಂದ 'ನಯಾ' ಪದ ಹೋಯಿತು, ಬರೀ ಪೈಸಾ ಉಳಿಯಿತು. ಅದೇ ವರ್ಷ ಆರು ಮೂಲೆಯ ಮೂರು ಪೈಸೆ ಬಂತು, ಮರುವರ್ಷದಿಂದ ಒಂದು, ಎರಡು ಪೈಸೆಗಳೂ ಅಲ್ಯೂಮಿನಿಯಂ ಆದವು. ಆಗ ಒಂದು ಪೈಸೆ ಚೌಕ, ತೂಕ ಮುಕ್ಕಾಲು ಗ್ರಾಂ. ಎರಡು ಪೈಸೆ ಒಂದು ಗ್ರಾಂ.

ಅಲ್ಯೂಮಿನಿಯಂ ಎಂದರೆ ಜನ ಮೂಗು ಮುರಿಯುತ್ತಾರೆ, ಅಂಗಡಿಯವರೂ ಅದನ್ನು ಐದು ರೂಪಾಯಿಗೇ ಬಿಡುತ್ತಾರೆ. ಆದರೆ ಆರಿಸುವುದು ಕಷ್ಟ ಇದರಲ್ಲೇ. ಮೆತ್ತನೆಯ ಲೋಹ, ಪರಾತದಲ್ಲಿ ಭಾರದ ತಾಮ್ರದ ಕೆಳಗೆ ಬಿದ್ದು ಉಜ್ಜಿಕೊಂಡು ಸಿಂಹಗಳ ಮುಖವೇ ಅಳಿಸಿಹೋಗಿರುತ್ತದೆ. ಹಾಗಾಗಿ ಮುಖ ಸ್ವಚ್ಛವಿರುವ ಮೂರು ಪೈಸೆ ಸಿಕ್ಕರೆ ಬಿಡಬೇಡಿ. ನೋಡಬೇಕಾದ ಜಾಗ ಎರಡು: ನಡುವಿನ ಸಿಂಹದ ಕೇಸರ ಮತ್ತು ಮೂಲೆಗಳ ಚೂಪು. ಮೂಲೆ ಮೊಂಡಾಗಿದ್ದರೆ ಅದು ವರ್ಷಗಟ್ಟಲೆ ಜೇಬಲ್ಲಿ ತಿರುಗಿದ್ದು. ಕೇಸರದ ಗೆರೆ ಉಳಿದು ಮೂಲೆ ಚೂಪಾಗಿದ್ದರೆ ಯಾರದೋ ದೇವರ ಮನೆಯ ಡಬ್ಬಿಯಲ್ಲಿ ಕೂತಿದ್ದು. ಬಿಳಿ ಪುಡಿಯಂಥ ಹುಗುಳು ಎದ್ದಿದ್ದರೆ ವಾಪಸ್ ಹಾಕಿ. ಅದು ಉಪ್ಪಿನ ತೇವದಿಂದ ಲೋಹ ತಿಂದುಹೋಗಿರುವ ಗುರುತು, ಒಳಗೆ ಗುಳಿ ಬಿದ್ದಿರುತ್ತದೆ.

ಪರಾತದಲ್ಲಿ ಬಂಗಾರದ ಬಣ್ಣಕ್ಕೆ ಹೊಳೆಯುವುದು ತಾವರೆಯ 20 ಪೈಸೆ, 1968ರಿಂದ 1971ರವರೆಗೆ ಬಂದ ಅಲ್ಯೂಮಿನಿಯಂ-ಕಂಚಿನದು. ಕೆಲವು ಮನೆಗಳಲ್ಲಿ ಇದನ್ನು ಲಕ್ಷ್ಮೀಪೂಜೆಗೆ ಇಡುತ್ತಾರೆ, ಆದ್ದರಿಂದ ಕುಂಕುಮ ಹತ್ತಿದವೇ ಹೆಚ್ಚು. 1969ರಲ್ಲಿ ಗಾಂಧಿ ಜನ್ಮಶತಾಬ್ದಿಯ ಅಚ್ಚೂ ಬಂದಿದೆ. 1970ರಲ್ಲಿ 'ಎಲ್ಲರಿಗೂ ಅನ್ನ' ಎಂಬ ಘೋಷಣೆಯ ಇನ್ನೊಂದು ಅಚ್ಚು ಬಂದಿದೆ. ಆ ಸಾಲಿನ ಮುಂದುವರಿಕೆ 1970ರ ದಶಕದ 10 ಪೈಸೆಗಳಲ್ಲಿದೆ. 1974ರದು ಯೋಜಿತ ಕುಟುಂಬ, 1976ರದು ಎಲ್ಲರಿಗೂ ಅನ್ನ ಮತ್ತು ದುಡಿಮೆ, 1977ರದು ಉಳಿತಾಯ, 1979ರದು ಅಂತಾರಾಷ್ಟ್ರೀಯ ಮಕ್ಕಳ ವರ್ಷ, 1980ರದು ಗ್ರಾಮೀಣ ಮಹಿಳೆಯರ ಏಳಿಗೆ. ದೇಶ ಆ ವರ್ಷ ಏನನ್ನು ಚಿಂತಿಸುತ್ತಿತ್ತು ಎಂಬುದು ಹತ್ತು ಪೈಸೆಯ ಹಿಂಬದಿಯಲ್ಲಿದೆ. ಎಂಟು ಹತ್ತು ನಾಣ್ಯಗಳ ಈ ಸಾಲು ಪೂರ್ತಿ ಕೂಡಿಸಲು ನೂರು ರೂಪಾಯಿಯೂ ಬೇಕಾಗಿಲ್ಲ. ಸ್ವಚ್ಛ ಅಚ್ಚು ಸಿಗಲು ಮಾತ್ರ ಹತ್ತಾರು ಸಲ ಬರಬೇಕಾದೀತು.

ಇಸವಿಯ ಕೆಳಗಿನ ಸಣ್ಣ ಗುರುತನ್ನು ಭೂತಗನ್ನಡಿಯಲ್ಲಿ ತಪ್ಪದೆ ನೋಡಿ. ಅದು ಟಂಕಸಾಲೆಯ ಸಹಿ. ವಜ್ರದ ಆಕಾರವಿದ್ದರೆ ಮುಂಬಯಿ, ಏನೂ ಇಲ್ಲದಿದ್ದರೆ ಕೋಲ್ಕತ್ತಾ, ದುಂಡು ಚುಕ್ಕೆಯಿದ್ದರೆ 1988ರಲ್ಲಿ ಶುರುವಾದ ನೋಯ್ಡಾ, ಐದು ಮೂಲೆಯ ನಕ್ಷತ್ರವಿದ್ದರೆ ಹೈದರಾಬಾದ್. ಹೈದರಾಬಾದಿನದು ಮೊದಲಿಗೆ ಸೀಳಿದ ವಜ್ರವಿತ್ತು, ಆಮೇಲೆ ಒಳಗೆ ಚುಕ್ಕೆಯಿರುವ ವಜ್ರವಾಯಿತು, ಕೊನೆಗೆ ನಕ್ಷತ್ರವಾಯಿತು. ನಮ್ಮ ಭಾಗದ ಪರಾತದಲ್ಲಿ ನಕ್ಷತ್ರದವು ಎದ್ದು ಕಾಣುವಷ್ಟಿವೆ. ಸವೆದ ನಕ್ಷತ್ರ ದುಂಡು ಚುಕ್ಕೆಯಂತೆ ಕಾಣುತ್ತದೆ, ಮೋಸಹೋಗಬೇಡಿ: ಇಸವಿ 1988ಕ್ಕಿಂತ ಹಿಂದಿನದಾಗಿದ್ದರೆ ಅದು ನೋಯ್ಡಾ ಆಗಲಾರದು.

ಪರಾತದ ತಳದಲ್ಲಿ ಸಿಗುವ ಕುದುರೆ ಪೈಸೆಗೆ ಒಂದು ಮಾತು ಹೆಚ್ಚು ಹೇಳಲೇಬೇಕು. ಗಣರಾಜ್ಯವಾದ 1950ರ ಮೊದಲ ಸರಣಿ ಅದು. ಕಂಚಿನ ಪೈಸೆಯ ಮೇಲೆ ಓಡುವ ಕುದುರೆ, ಅರ್ಧಾಣೆ, ಒಂದಾಣೆ, ಎರಡಾಣೆಗಳ ಮೇಲೆ ಗೂಳಿ. ಇವೆರಡೂ ಸಾರನಾಥದ ಅಶೋಕ ಸ್ತಂಭದ ಸಿಂಹಗಳ ಕೆಳಗಿನ ಪಟ್ಟಿಯಿಂದ ಇಳಿದು ಬಂದವು. ಅಶೋಕ ನಮಗೆ ದೂರದವನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯ ಜೊತೆ ನಿಂತ ಅವನ ಶಿಲ್ಪ ಸಿಕ್ಕಿದೆ, ಪಕ್ಕದಲ್ಲೇ ಬ್ರಾಹ್ಮಿಯಲ್ಲಿ ಅವನ ಹೆಸರು ಕೆತ್ತಿದೆ. ಭೀಮಾ ದಂಡೆಯ ಆ ಕಲ್ಲನ್ನು ನೋಡಿ ಬಂದವರು ಹತ್ತು ರೂಪಾಯಿಯ ಕುದುರೆಯನ್ನು ಇನ್ನೊಮ್ಮೆ ನೋಡುತ್ತಾರೆ. ಕುದುರೆಯ ಮುಂಗಾಲಿನ ಸ್ನಾಯು, ಕುತ್ತಿಗೆಯ ಕೂದಲು ಉಳಿದಿರುವ ಪೈಸೆಯನ್ನೇ ಆರಿಸಿ. ಗೂಳಿಯಲ್ಲಾದರೆ ಭುಜದ ಹಿಣಿಲು ಮೊದಲು ಸವೆಯುತ್ತದೆ.

ಈಗ ನಿಜಾಮರ ಚಿಲ್ಲರೆ. ಕಲಬುರಗಿ, ಬೀದರ, ಯಾದಗಿರಿ ಮೂರೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ರೊಕ್ಕ 'ಹಾಲಿ', ಇಂಗ್ಲಿಷರದು 'ಕಲ್ದಾರ್'. ಏಳು ಹಾಲಿಗೆ ಆರು ಕಲ್ದಾರ್. ಹಾಲಿ ಪೂರ್ತಿ ರದ್ದಾದದ್ದು 1959ರಲ್ಲಿ, ಅದಕ್ಕೇ ನಮ್ಮ ಕಡೆಯ ಹಳೇ ಟ್ರಂಕುಗಳಲ್ಲಿ ಇದು ಇನ್ನೂ ಸಿಗುತ್ತದೆ. ಈ ಅಂಗಡಿಯ ಬಹುದೊಡ್ಡ ಗುಣ ಇದೇ. ಬೆಂಗಳೂರಿನ ನಾಣ್ಯ ಮೇಳಗಳಲ್ಲಿ ಆರಿಸಿ, ಕವರಿಗೆ ಹಾಕಿ, ಚೀಟಿ ಅಂಟಿಸಿ ಮಾರುವ ಹಾಲಿ ಚಿಲ್ಲರೆ ಇಲ್ಲಿ ರಾಶಿಯಲ್ಲಿ ಬಿದ್ದಿದೆ.

ಚಾರ್‌ಮಿನಾರ್ ಇರುವ ನಾಣ್ಯ ಕೈಗೆ ಬಂದರೆ ನಡುವಿನ ಕಮಾನಿನ ಬಾಗಿಲೊಳಗೆ ನೋಡಿ. ಅಲ್ಲೊಂದು ಅಕ್ಷರವಿದೆ. 'ಮೀಮ್' ಇದ್ದರೆ ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್, 'ಐನ್' ಇದ್ದರೆ ಏಳನೆಯವರಾದ ಮೀರ್ ಉಸ್ಮಾನ್ ಅಲಿ ಖಾನ್. ಹೆಸರಿನ ಮೊದಲಕ್ಷರವನ್ನು ಊರಿನ ಬಾಗಿಲಲ್ಲಿ ನಿಲ್ಲಿಸಿದ ಆ ಅಚ್ಚಿನವನ ಕಲ್ಪನೆಗೆ ತಲೆಬಾಗಬೇಕು. ಅಕ್ಷರ ಸವೆದಿದ್ದರೆ ಇಸವಿ ಹಿಡಿಯಿರಿ. ಹಿಜರಿ 1329, ಅಂದರೆ 1911, ಇಬ್ಬರ ನಡುವಿನ ಗಡಿ. ಆ ಒಂದು ವರ್ಷದಲ್ಲಿ ಇಬ್ಬರವೂ ಇವೆ. ಅಂಕಿ ಓದಲು ಉರ್ದು ಬರಬೇಕಿಲ್ಲ: ಸೊನ್ನೆ ಒಂದು ಚುಕ್ಕೆ, ಒಂದು ನೆಟ್ಟಗಿನ ಗೆರೆ, ಗೆರೆಯ ತಲೆಗೆ ಒಂದು ಕೊಕ್ಕೆ ಬಂದರೆ ಎರಡು, ಎರಡು ಕೊಕ್ಕೆ ಬಂದರೆ ಮೂರು, ಐದು ತಲೆಕೆಳಗಾದ ಅರಳಿ ಎಲೆಯಂತೆ, ಏಳಕ್ಕೆ ಬಾಯಿ ಮೇಲೆ, ಎಂಟಕ್ಕೆ ಬಾಯಿ ಕೆಳಗೆ. ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. 1343 ಎಂದರೆ 1924-25. ಇನ್ನೊಂದು ಬದಿಯ ಬರಹದಲ್ಲಿ 'ಫರ್ಖುಂದಾ ಬುನ್ಯಾದ್ ಹೈದರಾಬಾದ್' ಎಂದಿದೆ, ಶುಭದ ಅಡಿಪಾಯದ ಊರು ಎಂದು ಅರ್ಥ. ಅದೇ ಬದಿಯಲ್ಲಿ ಪಟ್ಟಕ್ಕೆ ಬಂದ ನಂತರ ಎಷ್ಟನೇ ವರ್ಷ ಎಂಬ ಲೆಕ್ಕವೂ ಇರುತ್ತದೆ. ಇಂಥ ಎರಡು ಇಸವಿಯ ನಾಣ್ಯದಲ್ಲಿ ಒಂದು ಸವೆದರೂ ಇನ್ನೊಂದರಿಂದ ಲೆಕ್ಕ ಹಾಕಬಹುದು.

ಪೈ ಎಂದರೆ ಆಣೆಗಿಂತ ಸಣ್ಣ ರೊಕ್ಕ. ಕಂಚಿನ ಎರಡು ಪೈ ನಾಣ್ಯಗಳ ಮೇಲೆ ಚಾರ್‌ಮಿನಾರ್ ಇಲ್ಲ, ತುಘ್ರಾ ಇದೆ: ಬಿರುದಿನ ಅಕ್ಷರಗಳನ್ನೇ ಹೆಣೆದು ಚಿತ್ರ ಮಾಡಿದ ಬರಹ. ಯುದ್ಧಕಾಲದ ಎರಡು ಪೈಗೆ ನಡುವೆ ತೂತಿದೆ, ಒಂದಾಣೆ ಮೂಲೆ ದುಂಡಾದ ಚೌಕ. ತೂತಿನ ಪೈಸೆ ಕಂಡ ಕೂಡಲೇ ಎಲ್ಲವೂ ಒಂದೇ ಎಂದುಕೊಳ್ಳಬಾರದು. ಇಂಗ್ಲಿಷರೂ 1943ರಿಂದ 1947ರವರೆಗೆ, ತಾಮ್ರ ಉಳಿಸಲು, ತೂತಿನ ಪೈಸೆ ಹೊಡೆದರು, ಅದರಲ್ಲಿ ಕಿರೀಟವಿದೆ. ಪರಾತದಲ್ಲಿ ಎರಡೂ ಬೆರೆತಿವೆ, ಬೆಲೆಯೂ ಒಂದೇ ಹೇಳುತ್ತಾರೆ. ನಮ್ಮ ಕಣ್ಣಿಗೆ ತುಘ್ರಾ ಇರುವುದೇ ಚೆಂದ. ತೂತಿನ ಸುತ್ತ ಬರಹ ಕೂಡಿಸುವುದು ಅಚ್ಚು ಕೆತ್ತುವವನಿಗೆ ಸುಲಭದ ಕೆಲಸವಲ್ಲ.

ಇನ್ನು ಕಪಾಟು. ಇಲ್ಲಿ ಎಚ್ಚರ ಬೇಕು, ಅಂಗಡಿಯ ದೊಡ್ಡ ದೋಷಗಳೆಲ್ಲ ಇಲ್ಲೇ ಇವೆ.

ಮೊದಲನೆಯದು ಬೆಳ್ಳಿ ರೂಪಾಯಿ. ಎಲ್ಲಕ್ಕೂ ಒಂದೇ ಬೆಲೆ ಹೇಳುತ್ತಾರೆ, ಅದು ನ್ಯಾಯವಲ್ಲ. ವಿಕ್ಟೋರಿಯಾ ಕಾಲದಿಂದ ಐದನೇ ಜಾರ್ಜ್‌ವರೆಗಿನ ಕಲ್ದಾರ್ ರೂಪಾಯಿ 11.66 ಗ್ರಾಂ, ಅದರಲ್ಲಿ ಶೇ 91.7 ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಚಾರ್‌ಮಿನಾರ್ ಹಾಲಿ ರೂಪಾಯಿ 11.18 ಗ್ರಾಂ, ಬೆಳ್ಳಿ ಶೇ 81.8, ಶುದ್ಧ ಬೆಳ್ಳಿ ಸುಮಾರು 9.1 ಗ್ರಾಂ. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಅರ್ಧಕ್ಕರ್ಧವೇ ಬೆಳ್ಳಿ, 5.8 ಗ್ರಾಂ. ಯುದ್ಧಕಾಲದ ಹಾಲಿ ರೂಪಾಯಿಯಲ್ಲೂ ಅರ್ಧವೇ. ಆ ದಿನದ ಬೆಳ್ಳಿ ದರವನ್ನು ಪಕ್ಕದ ಅಂಗಡಿಯಲ್ಲಿ ಕೇಳಿ, ಈ ಗ್ರಾಂಗಳಿಂದ ಗುಣಿಸಿ, ಅಲ್ಲಿಂದ ಚೌಕಾಸಿ ಶುರು ಮಾಡಿ. 1947ರ ಹುಲಿ ರೂಪಾಯಿ, 1946-47ರ ಹುಲಿ ಎಂಟಾಣೆ, ನಾಕಾಣೆಗಳನ್ನೂ ಬೆಳ್ಳಿಯ ಸಾಲಿನಲ್ಲೇ ಇಟ್ಟಿರುತ್ತಾರೆ. ಅವು ನಿಕ್ಕಲ್, ಅಯಸ್ಕಾಂತಕ್ಕೆ ಟಕ್ಕನೆ ಅಂಟುತ್ತವೆ. ಹೆಜ್ಜೆ ಹಾಕುವ ಆ ಹುಲಿಯ ಅಚ್ಚು ಬಹಳ ಚೆಲುವಾದದ್ದು, ತಗೊಳ್ಳಿ, ಆದರೆ ಬೆಳ್ಳಿಯ ಬೆಲೆಗೆ ಬೇಡ.

ಎರಡನೆಯದು ಬೆಸುಗೆ. ಸರಾಫ್ ಬಜಾರೆಂದ ಮೇಲೆ ಅನೇಕ ರೂಪಾಯಿಗಳು ಸರದಿಂದ ಬಿಚ್ಚಿದವು. ಅಂಚಿನಲ್ಲಿ, ಹೆಚ್ಚಾಗಿ ರಾಜನ ತಲೆಯ ನೇರಕ್ಕೆ, ಕೊಕ್ಕೆ ಕೂಡಿಸಿದ ಕಡೆ ಅಂಚಿನ ಗೀರು ತುಂಬಿ ನುಣುಪಾಗಿರುತ್ತದೆ. ಉಜ್ಜಿ ತೆಗೆದಿದ್ದರೂ ಬೆರಳ ಉಗುರು ಎಳೆದರೆ ಗೊತ್ತಾಗುತ್ತದೆ. ಅಂಥದ್ದಕ್ಕೆ ಲೋಹದ ಬೆಲೆ ಮಾತ್ರ ಕೊಡಿ.

ಮೂರನೆಯದು ನಕಲಿ. ತೂಕ ಸರಿಯಿದ್ದರೂ ಅನುಮಾನವಿದ್ದರೆ ನೀರಿನ ಪರೀಕ್ಷೆ ಮಾಡಿ, ಮಾಲೀಕರು ಬೇಡವೆನ್ನುವುದಿಲ್ಲ. ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ತಳಕ್ಕೂ ಬದಿಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಆಗ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಕಲ್ದಾರ್ ರೂಪಾಯಿಗೆ ಸುಮಾರು 10.3, ಹಾಲಿ ರೂಪಾಯಿಗೆ 10.2, ಅರ್ಧ ಬೆಳ್ಳಿಯದಕ್ಕೆ 9.5ರಿಂದ 9.7 ಬರಬೇಕು. 8.5ರಿಂದ 9ರೊಳಗೆ ಬಂದರೆ ಅದು ಹಿತ್ತಾಳೆಯೋ ಜರ್ಮನ್ ಸಿಲ್ವರೋ (ಹೆಸರಿಗೆ ಸಿಲ್ವರ್, ಇರುವುದು ತಾಮ್ರ, ನಿಕ್ಕಲ್, ಸತು), ಮೇಲೆ ಬೆಳ್ಳಿ ಬಳಿದದ್ದು. 0.01ರ ತಕ್ಕಡಿಯಲ್ಲಿ ಒಂದು ಅಂಕಿ ಅತ್ತಿತ್ತಾದರೆ ಉತ್ತರ 0.1ರಷ್ಟು ಸರಿಯುತ್ತದೆ, ಆದ್ದರಿಂದ ಮೂರು ಸಲ ಅಳೆಯಿರಿ. ಟಣ್ ಎನ್ನುವ ಸದ್ದನ್ನು ಮಾತ್ರ ನಂಬಬೇಡಿ, ಜರ್ಮನ್ ಸಿಲ್ವರೂ ಟಣ್ ಎನ್ನುತ್ತದೆ. ಎರಕದ ನಕಲಿಗೆ ಅಂಚಿನ ಸುತ್ತ ಸಣ್ಣ ಕೂಡುಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಂಥ ತೂತುಗಳು ಇರುತ್ತವೆ.

ಕಪಾಟಿನ ಮೇಲಿನ ಸಾಲಿನಲ್ಲಿ ರಾಮ ದರ್ಬಾರ್, ಹನುಮಂತ, ತಾವರೆ ಇರುವ, '1818 ಈಸ್ಟ್ ಇಂಡಿಯಾ ಕಂಪನಿ' ಎಂದು ಬರೆದ ದಪ್ಪ ತಾಮ್ರದ ಬಿಲ್ಲೆಗಳಿವೆ. ಕಂಪನಿ ಇಂಥವನ್ನು ಎಂದೂ ಹೊಡೆದಿಲ್ಲ. ಇವು ಈಚೆಗೆ ಮಾಡಿದ ಬಿಲ್ಲೆಗಳು, ಅಕ್ಕಿ ಕಾಳನ್ನು ತನ್ನತ್ತ ಎಳೆಯುತ್ತದೆ, ಲಕ್ಷ ಬಾಳುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಕಂಪನಿಯ ನಿಜವಾದ ತಾಮ್ರ ಬೇಕಿದ್ದರೆ ಪರಾತದಲ್ಲೇ 1835ರ ಕಾಲಾಣೆ ಸಿಗುತ್ತದೆ: 6.47 ಗ್ರಾಂ, ಒಂದು ಬದಿ ಸಿಂಹಗಳ ಲಾಂಛನ, ಇನ್ನೊಂದು ಬದಿ ಎಲೆಯ ಹಾರ. ಹಾಗೆಯೇ ವೈಷ್ಣೋದೇವಿಯ ಐದು, ಹತ್ತು ರೂಪಾಯಿಗೆ ಲಕ್ಷ ಕೊಡುತ್ತೇವೆ ಎಂದು ಫೋನಿನಲ್ಲಿ ಮುಂಗಡ ಕೇಳುವವರೆಲ್ಲ ಮೋಸಗಾರರು. ಹಳೇ ನಾಣ್ಯ ಕೊಳ್ಳುವ ಹೆಸರಲ್ಲಿ ತನ್ನ ಹೆಸರು ಬಳಸುತ್ತಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಜನರನ್ನು ಎಚ್ಚರಿಸಿದೆ. ಅಂಥ ದುಂದಿನ ಬದಲು 2006ರ ಬಸವೇಶ್ವರರ ಐದು ರೂಪಾಯಿ ಹುಡುಕಿ. ಕಲ್ಯಾಣದ ಶರಣರ ನಾಣ್ಯ ಕಲ್ಯಾಣ ಕರ್ನಾಟಕದ ಚಿಲ್ಲರೆಯಲ್ಲೇ ಯಾರಿಗೂ ಕಾಣದೆ ಓಡಾಡಿದೆ.

ಕಪಾಟಿನ ಕೆಳಗಿನ ಸಾಲಿನಲ್ಲಿ ಬಹಮನಿ ತಾಮ್ರ. ದಪ್ಪ, ಗುಂಡು ಗುಂಡಾದ ತುಣುಕುಗಳು. ಬಿಲ್ಲೆ ಅಚ್ಚಿಗಿಂತ ಸಣ್ಣದಾದ್ದರಿಂದ ಯಾವ ತುಣುಕಿನಲ್ಲೂ ಪೂರ್ತಿ ಬರಹ ಇರುವುದಿಲ್ಲ, ಸುಲ್ತಾನನ ಹೆಸರಿನ ಒಂದು ತುಂಡು ಇರುತ್ತದೆ. ಚಿತ್ರವಿಲ್ಲ, ಅಕ್ಷರವೇ ಅಲಂಕಾರ. ಟಂಕ ಎಂಬ ಬೆಳ್ಳಿ ನಾಣ್ಯಗಳಲ್ಲಿ ಈ ಊರಿನ ಹಳೆಯ ಹೆಸರು ಅಹಸನಾಬಾದ್ ಎಂದೂ, ರಾಜಧಾನಿ ಬೀದರಕ್ಕೆ ಹೋದ ಮೇಲೆ ಮುಹಮ್ಮದಾಬಾದ್ ಎಂದೂ ಬರುತ್ತದೆ. ಆಸೆಯಾಗುವುದು ಸಹಜ. ಆದರೆ ಈ ಸಾಲಿನ ಕೆಲವು ತುಣುಕುಗಳಿಗೆ ಇನ್ನೂ ಹೊಲದ ಮಣ್ಣು ಹತ್ತಿದೆ, ಅದು ನಮಗೆ ಸರಿಬರಲಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಕಾನೂನಿನ ಪ್ರಕಾರ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ದೇಶದಿಂದ ಹೊರಗೆ ಕಳಿಸುವಂತಿಲ್ಲ. ಗಡಿಗೆಯಲ್ಲಿ ಒಟ್ಟಿಗೆ ಸಿಕ್ಕ ನಾಣ್ಯಗಳು ಒಟ್ಟಿಗಿದ್ದರೆ ಯಾವಾಗ, ಯಾರ ಕಾಲದಲ್ಲಿ ಹೂತಿದ್ದು ಎಂದು ಹೇಳುತ್ತವೆ. ಬಿಡಿಬಿಡಿಯಾಗಿ ಮಾರಿಹೋದರೆ ಆ ಮಾತು ಶಾಶ್ವತವಾಗಿ ಹೋಯಿತು. ಎಲ್ಲಿಂದ ಬಂತೆಂದು ಹೇಳದ ತುಣುಕನ್ನು ಕೊಳ್ಳಬೇಡಿ.

ಅಂಗಡಿಯ ಬಗ್ಗೆ ನಮಗೆ ನಿಜಕ್ಕೂ ನೋವಾಗುವ ಸಂಗತಿ ತೊಳೆಯುವುದು. ಗಿರಾಕಿ "ಸ್ವಚ್ಛ ಮಾಡಿ ಕೊಡ್ರಿ" ಎಂದರೆ ಹುಣಸೆಹಣ್ಣಿನ ನೀರಲ್ಲಿ ಅದ್ದಿ, ಪಾತ್ರೆಯ ಪುಡಿ ಹಾಕಿ ತಿಕ್ಕಿ ಕೊಡುತ್ತಾರೆ. ಒಂದು ನಿಮಿಷದಲ್ಲಿ ತಾಮ್ರ ಹೊಸದರಂತೆ ಹೊಳೆಯುತ್ತದೆ, ಎಪ್ಪತ್ತು ವರ್ಷದ ಕಂದು ಮೈಬಣ್ಣ ಹೋಗಿರುತ್ತದೆ. ಹುಳಿ ಮೇಲಿನ ಪದರವನ್ನೇ ಕರಗಿಸುತ್ತದೆ, ಪುಡಿ ಗೆರೆ ಎಳೆಯುತ್ತದೆ, ಸ್ವಲ್ಪ ದಿನಕ್ಕೆ ಮಚ್ಚೆ ಮಚ್ಚೆಯಾಗಿ ಕಪ್ಪಾಗುತ್ತದೆ. ಹಿತ್ತಾಳೆಯಾದರೆ ಹುಳಿಗೆ ಸತುವು ಹೊರಟು ಗುಲಾಬಿ ತೇಪೆ ಉಳಿಯುತ್ತದೆ. "ಕಾಕಾರ, ತೊಳೀಬ್ಯಾಡ್ರಿ, ಹಂಗೇ ಕೊಡ್ರಿ" ಎಂದು ಮೊದಲೇ ಹೇಳಿಬಿಡಿ. ಮನೆಯಲ್ಲಿ ಮಾಡಬಹುದಾದ್ದು ಇಷ್ಟೇ: ಬ್ಯಾಟರಿಗೆ ಹಾಕುವ ಭಟ್ಟಿ ನೀರಲ್ಲಿ ಒಂದು ರಾತ್ರಿ ನೆನೆಸಿ, ತಿಕ್ಕದೆ ಬಟ್ಟೆಯ ಮೇಲೆ ಒತ್ತಿ ಒಣಗಿಸಿ. ಎಣ್ಣೆ ಜಿಡ್ಡು, ಅಂಟು ಇದ್ದರೆ ಕೆಮಿಕಲ್ ಅಂಗಡಿಯ ಶುದ್ಧ ಅಸಿಟೋನಿನಲ್ಲಿ, ಗಾಜಿನ ಬಟ್ಟಲಲ್ಲಿ, ಗಾಳಿ ಆಡುವ ಕಡೆ, ಒಲೆಯಿಂದ ದೂರ, ಎರಡು ಮೂರು ನಿಮಿಷ. ತಾಮ್ರದ ಮೇಲೆ ತಿಳಿಹಸಿರು ಪುಡಿ ಮತ್ತೆ ಮತ್ತೆ ಏಳುತ್ತಿದ್ದರೆ ಅದು ಒಳಗಿನ ಉಪ್ಪಿನ ರೋಗ, ಅಂಥದ್ದನ್ನು ಬೇರೆ ನಾಣ್ಯಗಳ ಜೊತೆ ಇಡಬೇಡಿ.

ಅಂಗಡಿಯಲ್ಲಿ ಆಲ್ಬಮ್ಮೂ ಮಾರುತ್ತಾರೆ. ಅದು ಬೇಡ. ಹಾಳೆ ತೆರೆದರೆ ಹೊಸ ರೆಕ್ಸಿನ್ ವಾಸನೆ ಹೊಡೆಯುತ್ತದೆ, ಅದು ಪಿವಿಸಿ. ನಮ್ಮ ಊರಿನ ನಲವತ್ತು ದಾಟುವ ಬೇಸಿಗೆಯಲ್ಲಿ ಆ ಪ್ಲಾಸ್ಟಿಕ್ ಮೆತ್ತಗಾಗಿ ಆಮ್ಲ ಬಿಟ್ಟು ತಾಮ್ರದ ಮೇಲೆ ಹಸಿರು ಅಂಟು ಬೆಳೆಸುತ್ತದೆ. ಖಾತ್ರಿ ಬೇಕಿದ್ದರೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಹಾಳೆಯ ಮೂಲೆಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಪಿವಿಸಿ. ಹೊಗೆ ಕೆಟ್ಟದ್ದು, ಬಯಲಲ್ಲಿ ಮಾಡಿ. ಎರಡಿಂಚು ಚೌಕದ ರಟ್ಟಿನ ಹೋಲ್ಡರ್, ನಡುವೆ ಪಾಲಿಯೆಸ್ಟರ್ ಹಾಳೆ ಇರುವುದು, ಸಾಕು. ಪಿನ್ ಹೊಡೆದ ಮೇಲೆ ಅದರ ಕಾಲುಗಳನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಮೇಲಿನ ಹೋಲ್ಡರಿನ ಪಿನ್ನು ಕೆಳಗಿನ ಸಿಂಹದ ಮುಖ ಗೀರುತ್ತದೆ. ಮಳೆಗಾಲಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ವ್ಯವಹಾರದಲ್ಲಿ ಮಾಲೀಕರು ಸಭ್ಯರು. ತಾಸುಗಟ್ಟಲೆ ಆರಿಸಿದರೂ ಮುಖ ಗಂಟಿಕ್ಕುವುದಿಲ್ಲ, ಕಟ್ಟೆಯ ಮೇಲೆ ಜಾಗ ಮಾಡಿಕೊಡುತ್ತಾರೆ, ನೀರು ಕೊಡುತ್ತಾರೆ. ಪರಾತದ್ದು ಇಪ್ಪತ್ತು ತೆಗೆದರೆ ನೂರೈವತ್ತಕ್ಕೆ ಕೊಡುತ್ತಾರೆ, ಅದಕ್ಕಿಂತ ಎಳೆದಾಡಬೇಡಿ. ಬೆಳ್ಳಿಗೆ ಚೀಟಿ ಕೇಳಿದರೆ ಬರೆದುಕೊಡುತ್ತಾರೆ. ನಾಣ್ಯದ ಇಸವಿ, ತೂಕ, 'ನಕಲಿಯಾದರೆ ವಾಪಸ್' ಎಂಬ ಮಾತು ಮೂರೂ ಅದರಲ್ಲಿ ಇರಲಿ. ಚೀಟಿಯಿಲ್ಲದೆ ಬರೀ ಮಾತಿನಲ್ಲಿ ಒಪ್ಪಿದ್ದನ್ನು ಒಂದು ವಾರದೊಳಗೆ ತಂದರೆ ಮಾತ್ರ ವಾಪಸ್ ತೆಗೆದುಕೊಳ್ಳುತ್ತಾರೆ. ಹತ್ತು ರೂಪಾಯಿಯ ನಾಣ್ಯಗಳನ್ನೂ ಇಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ಹೇಳಲೇಬೇಕು. 14 ಬಗೆಯ ಅಚ್ಚೂ ಚಾಲ್ತಿಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದರೂ ಊರಿನ ಎಷ್ಟೋ ಅಂಗಡಿಗಳು ಇನ್ನೂ ಬೇಡವೆನ್ನುತ್ತವೆ.

ಪರಾತಕ್ಕೆ ಐದರಲ್ಲಿ ಐದು, ಕಪಾಟಿಗೆ ಎರಡು, ಆಲ್ಬಮ್ಮಿಗೆ ಸೊನ್ನೆ. ಭಾನುವಾರ ಬಂದ್. ಹಾಲಿ ಚಿಲ್ಲರೆ ಪರಾತದ ಮೇಲೆ ಕಾಣದಿದ್ದರೆ ಕಟ್ಟೆಯ ಕೆಳಗಿನ ಬಿಸ್ಕತ್ ಡಬ್ಬಿ ಕೇಳಿ. ಆರಿಸದೆ ಉಳಿದ ತುಘ್ರಾ ಪೈಗಳು ಅದರಲ್ಲಿವೆ, ಒಂದಕ್ಕೆ ಮೂವತ್ತು.